ಬೇಡದವರನ್ನು ಆರಿಸಿ

ಜರಡಿ ನಿಂತುಹೋದ ದಿನ ನಾನು ಉಳ್ಳಾಗಡ್ಡಿಯವರ ಮನೆಯ ಮದುವೆಯ ಎಡಿಟಿಂಗಿಗೆ ಕುಳಿತಿದ್ದೆ. ಅಕ್ಷತೆ ಬೀಳುವ ದೃಶ್ಯದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಪರದೆಯ ನಟ್ಟನಡುವೆ ಒಂದು ಚೌಕ ಎದ್ದು ನಿಂತಿತು. ಈ ಸೌಲಭ್ಯವನ್ನು ನಿಲ್ಲಿಸಲಾಗಿದೆ, ಇಷ್ಟು ವರ್ಷ ಬಳಸಿದ್ದಕ್ಕೆ ಧನ್ಯವಾದ ಎಂದು ಅದರಲ್ಲಿ ಬರೆದಿತ್ತು. ಪಕ್ಕದಲ್ಲಿ ಒಂದು ನಗುವ ಮುಖ ಬೇರೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ, ವೈರು ಕಿತ್ತು ಹಾಕಿದೆ, ಮನೆದೇವರ ಹೆಸರು ಹೇಳಿ ಗುಂಡಿ ಒತ್ತಿದೆ. ಚೌಕ ಮತ್ತೆ ಬಂತು, ನಗುವ ಮುಖವೂ ಬಂತು. ಮೊದಲು ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಹೆದರಿಕೆ ಬಂತು.

ಜರಡಿ ಎನ್ನುವುದು ನಮ್ಮೂರಿನವರು ಇಟ್ಟ ಹೆಸರು. ಎಡಿಟಿಂಗ್ ಸಾಫ್ಟ್‌ವೇರಿಗೆ ಜೋಡಿಸಿಕೊಳ್ಳುವ ಒಂದು ಪ್ಲಗಿನ್ ಅದು. ನಿಜವಾದ ಹೆಸರು ಇಲ್ಲಿ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಎಲ್ಲೋ ದೂರದಲ್ಲಿ ಕುಳಿತವರು ಬೇರೆ ಯಾವುದೋ ಕೆಲಸಕ್ಕೆ ಮಾಡಿದ್ದನ್ನು ನಮ್ಮಪ್ಪ ದುಂಡಪ್ಪ ಹುಡುಕಿ ಹಾಕಿಕೊಂಡಿದ್ದ. ಅಪ್ಪ ತೀರಿಕೊಂಡ ಮೇಲೆ ಸ್ಟುಡಿಯೋ ನನ್ನ ಕೈಗೆ ಬಂತು, ಜರಡಿಯೂ ಬಂತು. ಮದುವೆಯ ಫಿಲ್ಮನ್ನು ಅದಕ್ಕೆ ಒಪ್ಪಿಸಿ ಚಹಾ ಕುಡಿಯಲು ಹೋದರೆ, ನಾನು ಬರುವಷ್ಟರಲ್ಲಿ ಲೆಕ್ಕಕ್ಕಿಂತ ಹೆಚ್ಚಿಗೆ ಬಿದ್ದವರನ್ನು ಅದೇ ಗುರುತಿಸಿ ಅದೇ ತೆಗೆದಿರುತ್ತಿತ್ತು. ಯಾರನ್ನು ತೆಗೆಯಿತೆಂದು ಅದು ಹೇಳುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ನಮ್ಮೂರಿನಲ್ಲಿ ಮದುವೆಯನ್ನು ಕ್ಯಾಮೆರಾದಲ್ಲಿ ಹಿಡಿದರೆ, ಬಂದ ಜನಕ್ಕಿಂತ ಒಬ್ಬರು ಹೆಚ್ಚು ಬೀಳುತ್ತಾರೆ. ಅವರಿಗೇ ಹೆಚ್ಚಿನವರು ಅನ್ನುವುದು. ಕೋರೆಹಲ್ಲಿಲ್ಲ, ಉರಿಗಣ್ಣಿಲ್ಲ, ಎಲ್ಲರ ಹಾಗೆ ಒಂದು ಮೂಗು, ಎರಡು ಕಣ್ಣು, ಮದುವೆಗೆಂದು ಇಸ್ತ್ರಿ ಮಾಡಿದ ಬಟ್ಟೆ. ಅವರನ್ನು ತೆಗೆಯದ ಫಿಲ್ಮ್ ಯಾವ ಮನೆಯಲ್ಲಿ ಪೂರ್ತಿ ಓಡುತ್ತದೋ ಆ ಮನೆಗೆ ಅವರು ಬರುತ್ತಾರೆ. ಹೊಸ್ತಿಲು ದಾಟಿದರೆ ಆಯಿತು, ಆ ಮನೆಯವರೇ ಆಗಿಬಿಡುತ್ತಾರೆ. ಅವರ ಬದಲಿಗೆ ಮನೆಯವರೊಬ್ಬರು ಹೊರಬೀಳುತ್ತಾರೆ. ಹೊರಬಿದ್ದವರು ಸಾಯುವುದಿಲ್ಲ. ಅವರಿಗೆ ಎಲ್ಲವೂ ನೆನಪಿರುತ್ತದೆ, ಅವರ ನೆನಪು ಮಾತ್ರ ಯಾರಿಗೂ ಇರುವುದಿಲ್ಲ. ನಮ್ಮೂರಿನ ಬೀದಿಗಳಲ್ಲಿ ಅಂಥವರು ಒಬ್ಬಿಬ್ಬರು ಯಾವಾಗಲೂ ತಿರುಗುತ್ತಿರುತ್ತಾರೆ. ಬಾಗಿಲಿಗೆ ಬಂದು ನಾನು ನಿನ್ನ ಅಣ್ಣ, ನಾನು ನಿನ್ನ ಸೊಸೆ ಎನ್ನುತ್ತಾರೆ. ಜನ ಒಂದು ರೊಟ್ಟಿ ಕೊಟ್ಟು ಮುಂದೆ ಕಳಿಸುತ್ತಾರೆ.

ಜರಡಿ ಬರುವುದಕ್ಕೆ ಮುಂಚೆ ಬಡಿಗೇರ ಮನೆಯಲ್ಲಿ ಹೀಗಾಗಿತ್ತಂತೆ. ಒಂದು ದಿನ ಬೆಳಿಗ್ಗೆ ಎದ್ದು ನೋಡಿದರೆ ನಡುಮನೆಯಲ್ಲಿ ತೊಟ್ಟಿಲು ತೂಗುತ್ತಿತ್ತು, ಆ ಮನೆಯಲ್ಲಿ ಕೂಸೇ ಇರಲಿಲ್ಲ. ತೊಟ್ಟಿಲು ಯಾಕೆ ಕಟ್ಟಿದ್ದೇವೆಂದು ಯಾರಿಗೂ ತಿಳಿಯಲಿಲ್ಲ. ಸೊಸೆಯ ಎದೆಯಲ್ಲಿ ಹಾಲು ಇಳಿಯುತ್ತಿತ್ತು, ಅದೂ ಯಾಕೆಂದು ತಿಳಿಯಲಿಲ್ಲ. ಅದೇ ವಾರ ಬಸ್ ಸ್ಟ್ಯಾಂಡಿನಲ್ಲಿ ಒಂದು ಕೂಸು ಸಿಕ್ಕಿತು. ಆಕೆ ಅದನ್ನು ನೋಡಿ ಪಾಪ ಯಾರದೋ ಎಂದು ಮರುಗಿ ಸಂತೆಗೆ ಹೋದಳಂತೆ. ಈ ಕಥೆಯನ್ನು ನಮ್ಮವ್ವ ಹೇಳುವಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಇಷ್ಟೆಲ್ಲ ಕಷ್ಟವಿದ್ದರೆ ಮದುವೆಯನ್ನು ಹಿಡಿಯುವುದಾದರೂ ಯಾಕೆ ಎಂದು ಕೇಳಬಹುದು. ಹಿಡಿಯದೆ ಗತಿಯಿಲ್ಲ. ಮದುಮಗಳು ಮೊದಲ ಸಲ ತವರಿಗೆ ಬಂದಾಗ ಎಲ್ಲರೂ ಕೂಡಿ ಆ ಫಿಲ್ಮ್ ನೋಡಬೇಕು, ನೋಡಿದ ಮೇಲೆಯೇ ಅವಳು ಗಂಡನ ಮನೆಯವಳು. ಅಲ್ಲಿಯವರೆಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ತಡವಾದಷ್ಟೂ ಎರಡೂ ಮನೆಯವರ ತಲೆಯಿಂದ ಅವಳು ಜಾರತೊಡಗುತ್ತಾಳೆ. ಹಿಡಿದದ್ದನ್ನು ಅಳಿಸಿಹಾಕುವಂತೆಯೂ ಇಲ್ಲ. ಅಳಿಸಿದರೆ ಅದರಲ್ಲಿರುವ ಎಲ್ಲರೂ ಏನಾಗುತ್ತಾರೆಂದು ಯಾರೂ ಪರೀಕ್ಷೆ ಮಾಡಿ ನೋಡಿಲ್ಲ, ನೋಡುವ ಧೈರ್ಯವೂ ಯಾರಿಗಿಲ್ಲ.

ಉಳ್ಳಾಗಡ್ಡಿ ಚನಬಸಪ್ಪ ಕಾಕಾ ಮಾಳಿಗೆಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಸ್ಟುಡಿಯೋಕ್ಕೆ ಬಂದ. ಮದುವೆ ಅವನ ಮಗಳು ಪಾರಿಯದು. ಅವಳು ಹಿಂದಿನ ದಿನವಷ್ಟೇ ತವರಿಗೆ ಬಂದಿದ್ದಳು. ಬಜಾರದಲ್ಲಿ ಹತ್ತು ಜನರಿಗೆ ಕೇಳುವ ಹಾಗೆ ಮಾತಾಡುವ ಮನುಷ್ಯ ಅಂದು ಸ್ಟೂಲಿನ ತುದಿಯಲ್ಲಿ ಕುಳಿತು ದನಿ ತಗ್ಗಿಸಿದ.

"ಚಂಪವ್ವಾ, ಬೀಗ್ತಿ ಪಾರಿಗಿ ತಾಟ ಹಾಕೂದ ಮರತಳಂತ. ಏ ಹುಡುಗಿ ಅಂತ ಕರದಳಂತ. ಹೋಗ್ಲಿ, ಅವರು ಹೊಸಬರು. ಇವತ್ತ ಮುಂಜಾನೆ ನಾನs ಆಕಿ ಹೆಸರಿಗೆ ತಡವರಿಸಿದೆ. ಹೆತ್ತ ಮಗಳ ಹೆಸರಿಗೆ! ಲಗೂನ ಏನರ ಮಾಡವ್ವಾ."

"ಜರಡಿ ನಿಂತೈತಿ ಕಾಕಾ. ಬ್ಯಾರೆ ಒಂದು ಹುಡಕಬೇಕು."

"ಹುಡಕು. ನಾಳಿ ನಾಡದ ಅನಬ್ಯಾಡ. ನಾ ಆಕಿ ಹೆಸರು ಅಂಗೈ ಮ್ಯಾಲ ಬರಕೊಂಡೀನಿ ನೋಡಿಲ್ಲೆ," ಎಂದು ಕೈ ಚಾಚಿದ. ಬಾಲ್‌ಪೆನ್ನಿನಲ್ಲಿ ಬರೆದ ಪಾರ್ವತಿ ಎಂಬ ಹೆಸರು ಬೆವರಿಗೆ ಅರ್ಧ ಕಲಸಿಹೋಗಿತ್ತು.

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಒಂದೊಂದೇ ಪ್ಲಗಿನ್ ಇಳಿಸಿಕೊಂಡು ನೋಡಿದೆ. ಒಂದು ಹೆಚ್ಚಿನವರನ್ನು ಬಿಟ್ಟು ಭಟ್ಟರ ಜನಿವಾರ ತೆಗೆಯಿತು. ಇನ್ನೊಂದು ಎಲ್ಲರ ಮುಖವನ್ನೂ ಬೆಳ್ಳಗೆ ಮಾಡಿ ಚಂದ ಮಾಡಿದೆ ನೋಡು ಎಂದು ನಿಂತಿತು. ಕೆಳಪೇಟೆಯ ಸ್ಟುಡಿಯೋದವನು ಜರಡಿಯ ಗೊಡವೆಯೇ ಬೇಡವೆಂದು ಅನುಮಾನ ಬಂದ ಮುಖವನ್ನು ಮಸುಕು ಮಾಡಿ ಫಿಲ್ಮ್ ಕೊಟ್ಟುಬಿಟ್ಟಿದ್ದ. ಆ ಮನೆಗೆ ಹೆಚ್ಚಿನವಳು ಬಂದಳು, ಮುಖ ಮಸುಕಾಗಿಯೇ ಬಂದಳು. ಈಗಲೂ ಆ ಮನೆಯವರು ಅವಳನ್ನು ಅಕ್ಕ ಎಂದು ಕರೆಯುತ್ತಾರೆ, ಮುಖವಿಲ್ಲದಲ್ಲಿಗೆ ಕುಂಕುಮ ಹಚ್ಚುತ್ತಾರೆ. ಸ್ಟುಡಿಯೋದವನು ಅಂಗಡಿಗೆ ಬೀಗ ಹಾಕಿ ಊರು ಬಿಟ್ಟ.

ಕೊನೆಗೆ ಒಂದು ಸಿಕ್ಕಿತು. ಪ್ರವಾಸ ಹೋದವರು ಫೋಟೋದ ಹಿಂದೆ ಅಡ್ಡ ಬಂದವರನ್ನು ತೆಗೆಸುವುದಕ್ಕೆಂದು ಮಾಡಿದ್ದು. ಜರಡಿಗೂ ಇದಕ್ಕೂ ಒಂದೇ ವ್ಯತ್ಯಾಸ. ಜರಡಿ ಕೇಳುತ್ತಿರಲಿಲ್ಲ, ಇದು ಕೇಳುತ್ತದೆ. ಬೇಡದವರನ್ನು ಆರಿಸಿ ಎಂದು ಮೇಲೆ ಬರೆದು ಬರುತ್ತದೆ, ಬಾಣ ಇಟ್ಟ ಮುಖದ ಸುತ್ತ ಕೆಂಪು ಬಳೆ ಮೂಡುತ್ತದೆ. ಒತ್ತುವುದು ನಮ್ಮ ಕೆಲಸ.

ಪರೀಕ್ಷೆಗೆಂದು ಕಿಟಕಿಯಿಂದ ಬೀದಿಯನ್ನು ಒಂದಿಷ್ಟು ಹಿಡಿದೆ. ಸ್ಟುಡಿಯೋದ ಮೆಟ್ಟಿಲ ಹತ್ತಿರ ಮಲಗುವ ಬೊಗ್ಗ ಎಂಬ ನಾಯಿ ಅದರಲ್ಲಿ ಬಾಲ ಅಲ್ಲಾಡಿಸುತ್ತಿತ್ತು. ಮನುಷ್ಯರನ್ನು ಒತ್ತುವುದು ಬೇಡ, ನಾಯಿಯಾದರೆ ಏನಾದೀತು ಎಂದು ಅದರ ಮೇಲೆ ಬಾಣ ಇಟ್ಟು ಒತ್ತಿದೆ. ಬಹಳ ಚೊಕ್ಕವಾಗಿ ಹೋಯಿತು, ನೆರಳು ಕೂಡ ಉಳಿಯಲಿಲ್ಲ. ಖುಷಿಯಾಗಿ ಕೆಳಗಿಳಿದು ಬಂದೆ. ಬೊಗ್ಗನ ಗೋಣಿತಾಟು ಬೆಚ್ಚಗಿತ್ತು, ಬೊಗ್ಗ ಇರಲಿಲ್ಲ. ಓಣಿಯೆಲ್ಲ ಕೂಗಿ ಕರೆದೆ. ಮರುದಿನವೂ ಕರೆದೆ. ಆಮೇಲೆ ಆ ಗೋಣಿತಾಟನ್ನು ನೋಡಲಾಗದೆ ಎತ್ತಿ ಹಿಂದಿನ ಕೋಣೆಯಲ್ಲಿಟ್ಟೆ.

ಈಗ ನನಗೆ ತಿಳಿದ ಮಾತು ಇಷ್ಟು. ತಪ್ಪು ಮುಖದ ಮೇಲೆ ಒತ್ತಿದರೆ ಒಬ್ಬ ಜೀವಂತ ಮನುಷ್ಯ ಇಲ್ಲವಾಗುತ್ತಾನೆ. ಒತ್ತದಿದ್ದರೆ ಪಾರಿ ಇಲ್ಲವಾಗುತ್ತಾಳೆ.

ಜರಡಿ ಬರುವ ಮುಂಚೆ ಜನ ಏನು ಮಾಡುತ್ತಿದ್ದರೆಂದು ನಮ್ಮವ್ವನನ್ನು ಕೇಳಿದೆ. ಅವ್ವನ ಹೆಸರು ನಿಂಬೆವ್ವ. ಮನೆಯಲ್ಲಿ ನಾವಿಬ್ಬರೇ. ನನಗೆ ಮದುವೆಯಾಗಿಲ್ಲ, ಇಷ್ಟು ಮದುವೆ ಎಡಿಟ್ ಮಾಡಿದ ಮೇಲೆ ಆಸೆ ಉಳಿಯಲಿಲ್ಲ ಎಂದು ಹೇಳಿಕೊಂಡು ತಿರುಗುತ್ತೇನೆ, ಅವ್ವ ಮಾತ್ರ ಅದನ್ನು ನಂಬಿಲ್ಲ. ಅವಳು ಮಂಡಿನೋವಿಗೆ ಕಾಲು ಚಾಚಿ ಕುಳಿತು ಅವರೆಕಾಯಿ ಸುಲಿಯುತ್ತ ಗುರುತಿನ ಕೂಟದ ಬಗ್ಗೆ ಹೇಳಿದಳು. ಮನೆಯ ಹಿರಿಯರು ಕೂತು ಫಿಲ್ಮಿನ ಒಂದೊಂದು ಮುಖವನ್ನೂ ನೋಡಿ ಗುರುತೈತಿ ಎಂದು ಹೆಸರು ಹೇಳಬೇಕು. ಯಾರಿಗೂ ಗುರುತಿಲ್ಲದ ಮುಖ ಯಾವುದೋ ಅವರೇ ಹೆಚ್ಚಿನವರು. ಕೂಟದಲ್ಲಿ ಕುಳಿತವರು ನಮ್ಮವರು ಎಂಬ ಮಾತನ್ನು ಮಾತ್ರ ಅಪ್ಪಿತಪ್ಪಿಯೂ ಆಡಬಾರದು. ಫಿಲ್ಮಿನ ಮುಖಕ್ಕಾಗಲಿ, ಬಾಗಿಲಿಗೆ ಬಂದು ನಿಂತವರಿಗಾಗಲಿ ಹಾಗೆಂದರೆ ನಿಮ್ಮ ಮನೆಯಲ್ಲಿ ಅವರಿಗೆ ಜಾಗ ಕೊಟ್ಟಹಾಗೆ, ನಿಮ್ಮವರೊಬ್ಬರು ಹೊರಬಿದ್ದ ಹಾಗೆ. ಇದು ನನಗೂ ಗೊತ್ತಿದ್ದ ಮಾತೇ. ನಮ್ಮೂರಿನಲ್ಲಿ ಅಂಗಡಿಯವನು ಕೂಡ ಗಿರಾಕಿಯನ್ನು ಬೇಕಾದವರು ಎನ್ನುತ್ತಾನೆಯೇ ಹೊರತು ನಮ್ಮವರು ಎನ್ನುವುದಿಲ್ಲ.

"ನಿಮ್ಮಪ್ಪ ಕೂಟ ಸ್ಟುಡಿಯೋದಾಗ ಮಾಡತಿದ್ದ, ಯಾರ ಮನ್ಯಾಗೂ ಮಾಡತಿದ್ದಿಲ್ಲ," ಎಂದಳು ಅವ್ವ.

"ಗೌರವ್ವ ಆಯಿ ಸೊಂಟ ಮುರಕೊಂಡು ಹೊರಸಿನ ಮ್ಯಾಲ ಬಿದ್ದಾಳ. ಬಳಗದಾಗ ಎಲ್ಲಾರ ಗುರುತು ಇರೂದು ಆಕಿ ಒಬ್ಬಾಕಿಗೆ. ಆಕಿನ್ನ ಹೊತಗೊಂಡು ಮಾಳಿಗಿ ಹತ್ತಲ್ಯಾ?"

"ಮನ್ಯಾಗ ಓಡಿಸಿದರ ಬರ್ತಾರ ಚಂಪಾ."

"ನಾ ಎಲ್ಲಿ ಓಡಸ್ತೀನಿ? ನಿಲ್ಲಿಸಿ ನಿಲ್ಲಿಸಿ ತೋರಸ್ತೀನಿ. ಒಂದು ಮುಖ, ಆತು, ಮತ್ತೊಂದು ಮುಖ."

ಅವ್ವ ಅವರೆಕಾಯಿಯ ಸಿಪ್ಪೆಯನ್ನು ಮೊರದಿಂದ ಕೊಡವಿ, "ನೀ ಓದಿದಾಕಿ, ನಿನಗ ಯಾರ ಹೇಳಬೇಕು," ಎಂದಳು.

ಮರುದಿನ ಮಧ್ಯಾಹ್ನ ಉಳ್ಳಾಗಡ್ಡಿಯವರ ಪಡಸಾಲೆಯಲ್ಲಿ ಕೂಟ ಸೇರಿತು. ನನ್ನ ಲ್ಯಾಪ್‌ಟಾಪನ್ನು ಅವರ ದೊಡ್ಡ ಟಿ.ವಿ.ಗೆ ಜೋಡಿಸಿದೆ. ಗೌರವ್ವ ಆಯಿಯ ಹೊರಸನ್ನು ಮುಂದಕ್ಕೆ ಎಳೆದು ದಿಂಬು ಕೊಟ್ಟು ಕೂಡಿಸಿದರು. ಆಕೆ ಚನಬಸಪ್ಪನ ತಾಯಿ. ಕಣ್ಣು ಮಂದವಾದರೂ ಸಂಬಂಧ ಹೇಳುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಚನಬಸಪ್ಪನ ಹೆಂಡತಿ ನಾಗವ್ವ ಬಾಗಿಲಿಗೆ ಒರಗಿ ನಿಂತಿದ್ದಳು. ಪಾರಿ ಅಪ್ಪನ ಮಗ್ಗುಲಲ್ಲಿ ಮುದುರಿಕೊಂಡು, ತನ್ನನ್ನು ಯಾರಾದರೂ ಮರೆತಾರೆಂದು ಆಗಾಗ ಕೆಮ್ಮುತ್ತ ಕುಳಿತಿದ್ದಳು. ಆ ಕೆಮ್ಮು ಕೇಳಿದಾಗಲೆಲ್ಲ ನಾನು ಅವಳ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಮೊದಮೊದಲು ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ನಾನು ಒಂದು ಮುಖದ ಮೇಲೆ ನಿಲ್ಲಿಸುವುದು, ಆಯಿ ಕನ್ನಡಕ ಸರಿಮಾಡಿಕೊಂಡು ಗುರುತೈತಿ ಎಂದು ಹೆಸರು ಹೇಳುವುದು, ಮುಂದಕ್ಕೆ ಹೋಗುವುದು. ಸ್ವಲ್ಪ ಹೊತ್ತಿನಲ್ಲಿ ಭಯ ಸಡಿಲವಾಯಿತು. "ಗುರುತೈತಿ, ನನ್ನ ತವರಮನಿ ಶಿವಪುತ್ರ. ಹೋಳಗಿ ಎಷ್ಟ ಮುಕ್ಕಿದ ಅಂತ ಅವನ ಹೊಟ್ಟೀನs ಹೇಳತೈತಿ," ಎಂದು ಆಯಿ ಅಂದದ್ದಕ್ಕೆ ಎಲ್ಲರೂ ನಕ್ಕರು. ಶಿವಪುತ್ರ ಕುಣಿದದ್ದು ಇದೆ ಎಂದು ಯಾರೋ ನೆನಪಿಸಿದರು. ಅದೊಂದಿಷ್ಟು ಓಡಿಸು ಚಂಪವ್ವಾ ಎಂದರು, ಓಡಿಸಿದೆ. ಬೀಗರು ಜಗಳ ತೆಗೆದದ್ದು ಓಡಿಸು ಎಂದರು. ಮಾಲೆ ಹಾಕುವಾಗ ಪಾರಿ ತಿರುಗಿ ತನ್ನನ್ನು ನೋಡಿದ್ದನ್ನು ನಾಗವ್ವ ಎರಡು ಸಲ ಹಾಕಿಸಿಕೊಂಡು ಎರಡು ಸಲವೂ ಅತ್ತಳು. ಊಟದ ಪಂಕ್ತಿ, ಆರತಿ, ಬೀಳ್ಕೊಡುಗೆ. ಇಲ್ಲೊಂದು ತುಣುಕು, ಅಲ್ಲೊಂದು ತುಣುಕು. ನನಗೂ ನಗು ಬಂದಿತ್ತು, ಎಷ್ಟೋ ದಿನಗಳ ಮೇಲೆ ಹಗುರಾಗಿದ್ದೆ. ತುಣುಕು ತುಣುಕೆಂದು ನಾವು ಇಡೀ ಫಿಲ್ಮನ್ನು ಓಡಿಸಿ ಮುಗಿಸಿದ್ದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಕೊನೆಗೆ ಒಂದು ಮುಖ ಉಳಿಯಿತು. ನೀರಿನ ಡ್ರಮ್ಮಿನ ಹತ್ತಿರ, ಹಸಿರು ಸೀರೆ ಉಟ್ಟ ನಡುವಯಸ್ಸಿನ ಹೆಂಗಸು. ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಂಟಪದ ಕಡೆಗೆ ನೋಡುತ್ತಿದ್ದಳು. ಆಯಿ ಬಹಳ ಹೊತ್ತು ದಿಟ್ಟಿಸಿದಳು.

"ಇಲ್ಲಬೇ. ಈಕಿ ಗುರುತು ನನಗಿಲ್ಲ."

ಯಾರಿಗೂ ಇರಲಿಲ್ಲ. ಪಡಸಾಲೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. ನಾನು ಬಾಣವನ್ನು ತಂದು ಅವಳ ಮೇಲಿಟ್ಟೆ. ಕೆಂಪು ಬಳೆ ಮೂಡಿತು. ಅದೇ ಹೊತ್ತಿಗೆ ಬೀದಿಯ ಬಾಗಿಲ ಕಡೆಯಿಂದ ಒಂದು ದನಿ ಕೇಳಿತು.

"ಯವ್ವಾ, ಒಂದೀಟ ನೀರ ಕೊಡ್ರಿ."

ತಿರುಗಿ ನೋಡಿದೆವು. ಹೊಸ್ತಿಲ ಆಚೆ ಅವಳು ನಿಂತಿದ್ದಳು. ಅದೇ ಹಸಿರು ಸೀರೆ, ಸೆರಗು ಹಿಡಿದ ಅದೇ ಎರಡು ಕೈ. ಮದುವೆಯ ದಿನ ಇಸ್ತ್ರಿ ಇದ್ದದ್ದು ಈಗ ಇರಲಿಲ್ಲ, ಕಾಲು ಧೂಳಾಗಿತ್ತು. ಓಡಿಸಬೇಡ ಎಂದ ಅವ್ವನ ಮಾತು ಆಗ ನೆನಪಾಯಿತು, ಅಪ್ಪ ಯಾಕೆ ಯಾರ ಮನೆಯಲ್ಲೂ ಕೂಟ ಮಾಡುತ್ತಿರಲಿಲ್ಲ ಎಂಬುದು ಆಗ ಅರ್ಥವಾಯಿತು.

ಚನಬಸಪ್ಪ ಕಾಕಾ ನನ್ನ ಹೆಗಲು ಹಿಡಿದು ಅಲುಗಿಸಿದ. "ಒತ್ತು! ಒಳಗ ಬರೂದರಾಗ ಒತ್ತು ಚಂಪವ್ವಾ!"

ಹೆಂಗಸು ಟಿ.ವಿ.ಯನ್ನು ನೋಡಿದಳು. ತನ್ನ ಮುಖ, ಅದರ ಸುತ್ತ ಕೆಂಪು ಬಳೆ, ಮೇಲೆ ಬರೆದ ಅಕ್ಷರ. ಓದು ಬರುತ್ತಿತ್ತೆಂದು ಕಾಣುತ್ತದೆ. ಓಡಿಹೋಗಲಿಲ್ಲ, ಮೇಲೆ ಬೀಳಲೂ ಇಲ್ಲ. ಅವಳೂ ಹೆದರಿದ್ದಳು, ನಮಗಿಂತ ಹೆಚ್ಚು ಹೆದರಿದ್ದಳು.

"ನಾ ಮದುವಿಗೆ ಬಂದಿದ್ದಿಲ್ಲರಿ," ಎಂದಳು. "ಹೊರಗ ನಿಂತು ಬಾಜಾ ಕೇಳಿದೆ, ಅಷ್ಟs. ಗಾಣಿಗೇರ ಓಣಿಯೊಳಗ ನಮ್ಮ ಮನಿ ಐತಿ. ನನ್ನ ಮಗ ಬಾಗಲದಾಗ ಬಂದು ಮುಂದ ಹೋಗವ್ವಾ ಅಂದ. ನನ್ನ ಹೆಸರು ತಂಗೆವ್ವ. ಇವತ್ತ ಹೊಂಟಿದ್ದೆ, ಯಾಕೋ ಕಾಲು ಈ ಕಡೆ ಎಳದ್ವು."

ನನ್ನ ಬೆರಳು ಗುಂಡಿಯ ಮೇಲಿತ್ತು. ಇಷ್ಟು ವರ್ಷ ಜರಡಿ ತೆಗೆದದ್ದು ಹೆಸರಿಲ್ಲದ, ಮಾತಿಲ್ಲದ ಏನೋ ಒಂದನ್ನು ಎಂದುಕೊಂಡಿದ್ದೆ. ಯಾವುದೋ ಮನೆಯಿಂದ ಹೊರಬಿದ್ದು ನೀರು ಕೇಳುವ ಹೆಂಗಸನ್ನು ಎಂದು ಗೊತ್ತಿರಲಿಲ್ಲ. ಬೆಚ್ಚಗಿದ್ದ ಆ ಗೋಣಿತಾಟು ಕಣ್ಣ ಮುಂದೆ ಬಂತು. ಒತ್ತಬೇಕು ಎಂದುಕೊಂಡೆ, ಬೆರಳು ಒಪ್ಪಲಿಲ್ಲ.

ಅಷ್ಟರಲ್ಲಿ ತಂಗೆವ್ವನ ಕಾಲು ಹೊಸ್ತಿಲ ಮೇಲೆ ಬಂತು. ಅವಳು ಇಟ್ಟದ್ದಲ್ಲ, ಅದೇ ಬಂತು. ಅವಳು ಬಾಗಿಲ ಚೌಕಟ್ಟು ಹಿಡಿದು ತಡೆಯಲು ನೋಡುತ್ತಿದ್ದಳು. ನಾಗವ್ವನ ಮುಖದ ಗಾಬರಿ ಮೆಲ್ಲಗೆ ಇಳಿದು, ಎಷ್ಟೋ ದಿನದ ಮೇಲೆ ಬಂದ ನಾದಿನಿಯನ್ನು ಕಂಡಹಾಗೆ ನಗು ಮೂಡತೊಡಗಿತು. "ಬಾರs, ಹೊರಗ ಯಾಕ ನಿಂತಿ," ಎಂದಳು. ನನ್ನ ಹೆಗಲ ಮೇಲಿದ್ದ ಚನಬಸಪ್ಪನ ಕೈ ಸಡಿಲಾಯಿತು. ಗೌರವ್ವ ಆಯಿ ಹೊರಸಿನಿಂದ ಬಗ್ಗಿ ಪಾರಿಯನ್ನು ನೋಡಿದಳು.

"ಈ ಹುಡುಗಿ ಯಾರದು? ಮದುಮಗಳ ಹಂಗ ಕುಂತೈತಲ್ಲ."

"ಆಯಿ, ನಾ ಪಾರಿ!" ಹುಡುಗಿ ಚೀರಿದಳು. ಅಪ್ಪನ ಕೈ ಎಳೆದು ಅಂಗೈ ಬಿಡಿಸಿ ತೋರಿಸಿದಳು. ಚನಬಸಪ್ಪ ತನ್ನ ಅಂಗೈಯನ್ನೇ ನೋಡಿ, "ಇದ್ಯಾರ ಬರದಾರ?" ಎಂದು ಹೆಬ್ಬೆರಳಿನಿಂದ ಉಜ್ಜಿದ. ಪಾರಿ ನನ್ನ ಕಡೆ ತಿರುಗಿದಳು. ಆ ಮನೆಯಲ್ಲಿ ಅವಳ ಹೆಸರು ಗೊತ್ತಿದ್ದವಳು ಆಗ ನಾನೊಬ್ಬಳೇ. "ಚಂಪಕ್ಕಾ," ಎಂದಳು, ಅಷ್ಟೇ.

ಒತ್ತಿದರೆ ತಂಗೆವ್ವ ಇಲ್ಲ, ಒತ್ತದಿದ್ದರೆ ಪಾರಿ ಇಲ್ಲ. ಯೋಚನೆ ಮಾಡಿ ಆಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಹೆದರಿಕೆಗೆ ಬಾಯಿ ತಾನೇ ತೆರೆಯಿತು.

"ನಮ್ಮಾಕಿ!" ಎಂದು ಕೂಗಿದೆ. "ತಂಗೆವ್ವ ನಮ್ಮಾಕಿ. ನಮ್ಮ ಮನಿಯಾಕಿ."

ತಂಗೆವ್ವನ ಕಾಲು ಹೊಸ್ತಿಲಿನಿಂದ ಹಿಂದಕ್ಕೆ ಜಾರಿತು. ಟಿ.ವಿ.ಯಲ್ಲಿ ಕೆಂಪು ಬಳೆ ಆರಿತು. ಆರಿಸಲು ಯಾರೂ ಇಲ್ಲ ಎಂದು ಪ್ಲಗಿನ್ ಬರೆಯಿತು. ಗೌರವ್ವ ಆಯಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಯಾಕ ಪಾರಿ ಅಳಾಕತ್ತಿ? ಗಂಡನ ಮನಿ ನೆನಪಾತೇನು?" ಎಂದು ಗದರಿದಳು. ಚನಬಸಪ್ಪ ಮಗಳನ್ನು ಎಳೆದು ಎದೆಗೆ ಅಪ್ಪಿಕೊಂಡು, ಪಾರಿ ಪಾರಿ ಪಾರಿ ಎಂದು ಹೆಸರು ಹೇಳುತ್ತಲೇ ಇದ್ದ. ನಾನು ಫಿಲ್ಮನ್ನು ಮೊದಲಿನಿಂದ ಹಾಕಿಕೊಟ್ಟೆ. ಪೂರ್ತಿ ನೋಡಿ ಮುಗಿಸುವಷ್ಟರಲ್ಲಿ ಬೀಗರ ಮನೆಯಿಂದ ಫೋನು ಬಂತು, ನಮ್ಮ ಸೊಸೆ ಪಾರ್ವತಿ ಹೆಂಗದಾಳ, ಯಾವಾಗ ಕಳಸ್ತೀರಿ ಎಂದು. ನಾಗವ್ವ ತಂಗೆವ್ವನಿಗೆ ನೀರು ಕೊಟ್ಟಳು, ಬಾಗಿಲ ಹೊರಗೇ ಕೊಟ್ಟಳು. ನನ್ನ ಕಾಲಿಗೆ ಬೀಳಲು ಬಂದ ಪಾರಿಯನ್ನು ಎತ್ತಿ ನಿಲ್ಲಿಸಿದೆ. ಈ ಸಲ ಅವಳು ಚಂಪಕ್ಕಾ ಎನ್ನಲಿಲ್ಲ, ನಾನೂ ಅದನ್ನು ಗಮನಿಸಲಿಲ್ಲ.

ಆ ಓಣಿ ದಾಟುವವರೆಗೆ ನಾನು ಹೆಮ್ಮೆಯಲ್ಲೇ ಇದ್ದೆ. ಇಬ್ಬರನ್ನೂ ಉಳಿಸಿದೆನಲ್ಲ ಎಂದುಕೊಂಡೆ. ತಂಗೆವ್ವ ನನ್ನ ಹಿಂದೆ ನಾಲ್ಕು ಹೆಜ್ಜೆ ಬಿಟ್ಟು ಬರುತ್ತಿದ್ದಳು. ಹಿಟ್ಟಿನ ಗಿರಣಿಯ ಹತ್ತಿರ ಬಂದಾಗ ಅವಳು ಕೇಳಿದಳು, "ನಿಮ್ಮ ಮನ್ಯಾಗ ಯಾರ್ಯಾರ ಅದೀರಿ ಬಾಯಾರ?"

"ನಾನು, ನಮ್ಮವ್ವ," ಎಂದೆ. ಹೇಳಿದ ಮೇಲೆ ನನ್ನ ಕಾಲು ನಿಂತುಬಿಟ್ಟಿತು.

ಒಬ್ಬರಿಗೆ ಜಾಗ ಕೊಟ್ಟರೆ ಒಬ್ಬರು ಹೊರಗೆ. ನಾನು ಇಲ್ಲೇ ಇದ್ದೇನೆ, ನನ್ನ ಹೆಸರು ನನಗೆ ನೆನಪಿದೆ. ಹಾಗಾದರೆ ಅವ್ವ. ಈ ಹೊತ್ತಿಗೆ ಅವ್ವ ಬೀದಿಗೆ ಬಿದ್ದಿರಬೇಕು. ನಮ್ಮ ಮನೆಯ ಬಾಗಿಲಿಗೇ ಬಂದು, ಚಂಪಾ, ನಾನು ನಿಮ್ಮವ್ವ ಎನ್ನುತ್ತಾಳೆ. ನಾನು ಒಂದು ರೊಟ್ಟಿ ತಂದು ಅವಳ ಕೈಗಿಟ್ಟು ಮುಂದೆ ಹೋಗವ್ವಾ ಎನ್ನುತ್ತೇನೆ. ಹಾಗೆನ್ನುವಾಗ ನನ್ನ ಮುಖದಲ್ಲಿ ಒಂದಿಷ್ಟೂ ದುಃಖವಿರುವುದಿಲ್ಲ. ಇದನ್ನು ನೆನೆದು ನನಗೆ ಬೀದಿಯಲ್ಲೇ ಅಳು ಬಂತು.

ನಾನು ಓಡತೊಡಗಿದೆ. ನಿಂಬೆವ್ವ, ನಿಂಬೆವ್ವ ಎಂದು ಹೆಸರು ಹೇಳುತ್ತ ಓಡಿದೆ. ಗದ್ದದ ಮೇಲಿನ ಹಚ್ಚೆ ಯಾವ ಬಣ್ಣ? ಹಸಿರು. ಬೈಯುವಾಗ ಮೊದಲು ಏನನ್ನುತ್ತಾಳೆ? ನಿನ್ನ ಬಾಯಿಗೆ ಸಕ್ಕರಿ ಹಾಕ್ಲಿ ಎನ್ನುತ್ತಾಳೆ. ಸಿಟ್ಟಿನಲ್ಲೂ ಕೆಟ್ಟದ್ದು ಬಾಯಿಗೆ ಬರುವುದಿಲ್ಲ ಅವಳಿಗೆ. ನೆನಪಿದೆ, ಇನ್ನೂ ನೆನಪಿದೆ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಎದುರಿಗೆ ಬಂದ ಪ್ರತಿ ಮುದುಕಿಯ ಮುಖವನ್ನೂ ನಿಂತು ನೋಡಿದೆ, ಇವಳೇ ನಮ್ಮವ್ವನಾಗಿದ್ದು ನನಗೆ ಮರೆತಿದ್ದರೆ ಎಂಬ ಹೆದರಿಕೆಗೆ. ತರಕಾರಿ ಮಾರುವ ಒಬ್ಬಾಕೆ, ಏನಬೇ ಹಂಗ ನೋಡ್ತಿ ಎಂದು ಸಿಡುಕಿದಳು. ತಂಗೆವ್ವ ಹಿಂದಿನಿಂದ ಬಾಯಾರ, ಬಾಯಾರ ಎಂದು ಕೂಗುತ್ತ ಓಡಿಬರುತ್ತಿದ್ದಳು.

ಬಾಗಿಲು ತೆರೆದೇ ಇತ್ತು. ಅವ್ವ ಹೊಸ್ತಿಲ ಒಳಗೆ, ಕೈಯಲ್ಲಿ ಲೋಟ ಹಿಡಿದು ನಿಂತಿದ್ದಳು. ಗದ್ದದ ಮೇಲೆ ಹಸಿರು ಹಚ್ಚೆ ಇತ್ತು. ಅವಳು ನಮ್ಮವ್ವನೇ, ನನಗೆ ಚೆನ್ನಾಗಿ ಗುರುತಿತ್ತು, ಉಗುರಿನಿಂದ ನೆತ್ತಿಯವರೆಗೆ ಗುರುತಿತ್ತು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಕಂಬ ಹಿಡಿದು ನಿಂತು, ಯವ್ವಾ ಎಂದು ಕರೆಯಲು ಉಸಿರು ಎಳೆದುಕೊಂಡೆ.

ಅವ್ವ ನನ್ನ ತಲೆಯ ಮೇಲಿಂದ ಬೀದಿಗೆ ನೋಡುತ್ತಿದ್ದಳು. ತಂಗೆವ್ವ ಕಟ್ಟೆ ಹತ್ತಿ ಬಂದಳು.

"ಬಂದ್ಯಾ? ಎಷ್ಟ ಹೊತ್ತ ಮಾಡಿದಿ ತಂಗೀ. ಕಣ್ಣಾಗ ಜೀವ ಇಟಗೊಂಡು ಕುಂತೀನಿ," ಎಂದು ಅವಳ ಕೈ ಹಿಡಿದು ಒಳಗೆ ಎಳೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಪರವೂರಿನವರನ್ನು ಮಾತಾಡಿಸುವ ಮರ್ಯಾದೆಯಲ್ಲಿ ಕೇಳಿದಳು. "ಇವರು ಯಾರವ್ವಾ, ನಿನ್ನ ಜೋಡಿ ಬಂದಾರ?"

ತಂಗೆವ್ವ ನನ್ನ ಮುಖ ನೋಡಿದಳು. ಒಂದು ಕ್ಷಣದಲ್ಲಿ ಅವಳಿಗೆ ಎಲ್ಲವೂ ತಿಳಿಯಿತು. ಬಾಗಿಲಲ್ಲಿ ನಿಲ್ಲುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅವಳ ಕಣ್ಣು ತುಂಬಿತು. ಅವಳು ಈಗ ಆ ಮನೆಯವಳು, ಬೇಕಾದರೆ ಆ ಮಾತನ್ನು ಹೇಳಬಹುದಿತ್ತು. ಹೇಳಲು ಬಾಯಿ ತೆರೆದಳು.

"ಯವ್ವಾ, ಈಕಿ ನಮ್ಮ..."

ನಾನು ಮುಂದೆ ಬಂದು ಅವಳ ಮುಂಗೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮನೆಯಲ್ಲಿ ಇಬ್ಬರಿಗೇ ಜಾಗ. ನನ್ನನ್ನು ಒಳಗೆ ಕರೆದರೆ ಹೊರಗೆ ಹೋಗುವವಳು ತಂಗೆವ್ವ, ಇಲ್ಲವೇ ಅವ್ವ. ಆ ಮಂಡಿನೋವು ಇಟ್ಟುಕೊಂಡು ಅವಳು ಎಷ್ಟು ಬಾಗಿಲು ತಿರುಗಿಯಾಳು? ನನ್ನ ಮಂಡಿಗಳಾದರೂ ಗಟ್ಟಿಯಾಗಿವೆ. ತಂಗೆವ್ವ ಆ ಮಾತನ್ನು ಮುಗಿಸಲಿಲ್ಲ.

"ಸ್ಟುಡಿಯೋದಾಕಿ ನಾನು, ಅವ್ವಾರ," ಎಂದೆ. ದನಿ ಹೇಗೋ ಸರಿಯಾಗಿಯೇ ಬಂತು. "ದಾರ್ಯಾಗ ಇವರಿಗೆ ತಲಿ ತಿರಗಿತ್ತು. ಮನೀಮಟ ಬಿಟ್ಟು ಹೋಗೂಣು ಅಂತ ಬಂದೆ."

"ನಿನ್ನ ಹೊಟ್ಟಿ ತಣ್ಣಗಿರಲಿ ಮಗಳ. ಬಾ ಒಳಗ. ಎಷ್ಟ ಬೆವತೀದಿ ನೋಡು. ಎರಡ ತುತ್ತು ಉಂಡು ಹೋಗು," ಎಂದು ಅವ್ವ ಸೆರಗಿನ ತುದಿಯಿಂದ ನನ್ನ ಹಣೆ ಒರೆಸಿದಳು.

"ಬ್ಯಾಡ್ರಿ," ಎಂದೆ. "ಹೊತ್ತಾತು. ನಮ್ಮವ್ವ ದಾರಿ ಕಾಯ್ತಿರತಾಳ."